ಒಂದು ವರ್ಷ ನೋಡೋಣ

ನಮ್ಮೂರು ಅತ್ತಿವೇರಿ, ಮುಂಡಗೋಡ ತಾಲೂಕು. ಆಫೀಸಿನಲ್ಲಿ ಯಾರಾದರೂ "ಅಲ್ಲೇನಿದೆ?" ಅಂತ ಕೇಳಿದರೆ "ಪಕ್ಷಿಧಾಮ ಇದೆ, ಡ್ಯಾಮ್ ಇದೆ" ಅಂತ ಹೇಳಿ ಮುಗಿಸುತ್ತೇನೆ. ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದುಕೊಂಡು ಬೆಳ್ಳಕ್ಕಿ, ನೀರುಕಾಗೆ, ಚಮಚ ಕೊಕ್ಕಿನ ಹಕ್ಕಿ ನೋಡಲು ಬರುವವರಿಗೆ ಅದು ಪಕ್ಷಿಧಾಮ. ನಮಗೆ ಅದು ಗೋವಿನಜೋಳ, ಭತ್ತ, ಮತ್ತು ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ಊರು. ನಾನು ಅಲ್ಲಿಂದ ಹುಬ್ಬಳ್ಳಿಗೆ ಹೋಗಿ ಬಿಇ ಮಾಡಿದೆ, ಬೆಂಗಳೂರಿಗೆ ಬಂದು ಸಾಫ್ಟ್‌ವೇರ್ ಸೇರಿದೆ. ಇದು ಊರಿಗೆ ಅರ್ಥವಾಗುವ ದಾರಿ. ನನ್ನ ತಂಗಿ ಹಿಡಿದ ದಾರಿ ಮಾತ್ರ ಯಾರಿಗೂ ಅರ್ಥವಾಗಲಿಲ್ಲ.

2022ರ ಮಳೆಗಾಲ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ನಡುವೆ ಆಕೆಯ ಫೋನು. ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ, ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ತೆಗೆದುಕೊಂಡು, ನಾಲ್ಕೈದು ಕಡೆ ಇಂಟರ್‌ವ್ಯೂ ಕೊಟ್ಟಿದ್ದಳು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌.ಡಿ.ಗೆ ತೆಗೆದುಕೊಂಡಿದ್ದರು. ಅದೇ ವಾರ ಒಂದು ಔಷಧ ಕಂಪನಿಯಿಂದಲೂ ಕೆಲಸದ ಪತ್ರ ಬಂದಿತ್ತು. ಸಂಜೆ ಅಪ್ಪನ ಫೋನು.

"ತಿಂಗಳಾ ರೊಕ್ಕ ಅವ್ರು ಕೊಡತಾರೋ, ನಾವು ಕಟ್ಟಬೇಕೋ?"

"ಅವ್ರ ಕೊಡತಾರಪ್ಪಾ. ಮೂವತ್ತೊಂದು ಸಾವಿರ."

"ಹಂಗಾರ ಅದು ನೌಕರಿ."

"ನೌಕರಿ ಅಲ್ಲಪ್ಪಾ. ಓದು."

"ಓದಾಕ ಯಾರ ರೊಕ್ಕ ಕೊಡತಾರೋ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ವರ್ಷ ಅಂದರು. ಐದು, ಆರೂ ಆಗಬಹುದು ಅಂದೆ. ಆಮೇಲೆ ನೌಕರಿ ಸಿಗತದೇನು ಅಂದರು. ಆಮೇಲೆ ಪೋಸ್ಟ್‌ಡಾಕ್ ಅಂತ ಇರ್ತದಪ್ಪಾ, ಎರಡು ಮೂರು ವರ್ಷ ಅಂದೆ. "ಅದೂ ಓದೇನು?" ಅಂದರು. ಆಗ ಆಕೆಗೆ 24. ಲೆಕ್ಕ ಎಲ್ಲರೂ ಮನಸ್ಸಿನಲ್ಲೇ ಮಾಡಿಕೊಂಡೆವು, ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಕೊನೆಗೆ ತೀರ್ಮಾನ ನನ್ನ ತಲೆಗೆ ಬಂತು. ಓದಿದವ ನಾನು, ಬೆಂಗಳೂರಿನಲ್ಲಿರುವವ ನಾನು. ಬಹಳ ಯೋಚಿಸಿ, ಬಹಳ ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳಿದೆ: "ಒಂದು ವರ್ಷ ನೋಡೋಣ. ಸರಿಬರಲಿಲ್ಲ ಅಂದ್ರ ಬಿಟ್ಟು ಕಂಪನಿ ಸೇರು." ಆಕೆ "ಹೂಂ ಅಣ್ಣಾ" ಅಂದಳು. ಅಪ್ಪ ಒಪ್ಪಿದರು. ಮನೆಯಲ್ಲಿ ಪ್ರಗತಿಪರ ಅಣ್ಣ ಅಂತ ನನಗೆ ಒಂದು ಹೆಸರೂ ಬಂತು.

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಇಬ್ಬರೂ ಬಿಎಂಟಿಸಿ ಬಸ್ಸಿನಲ್ಲಿ ಮಲ್ಲೇಶ್ವರದ ಕಡೆ ಹೊರಟಿದ್ದೆವು. "ಟಾಟಾ ಇನ್‌ಸ್ಟಿಟ್ಯೂಟ್" ಅಂತ ಕಂಡಕ್ಟರ್ ಕೂಗಿದ. ಭಾರತೀಯ ವಿಜ್ಞಾನ ಸಂಸ್ಥೆಗೆ ಬೆಂಗಳೂರಿನ ಬಸ್ಸುಗಳಲ್ಲಿ ಇವತ್ತಿಗೂ ಅದೇ ಹೆಸರು. ತಂಗಿ ಕಿಟಕಿಯಿಂದ ಆ ಮರಗಳನ್ನು ನೋಡುತ್ತ, "ಇಲ್ಲೆ ಡೈರೆಕ್ಟರ ಆಫೀಸಿನ ಮುಂದ ಒಬ್ಬಾಕಿ ಸತ್ಯಾಗ್ರಹ ಮಾಡಿದ್ಲಂತ, ಗೊತ್ತೈತೇನು?" ಅಂದಳು. ಗೊತ್ತಿರಲಿಲ್ಲ. ಮಲ್ಲೇಶ್ವರದಲ್ಲಿ ಚಹಾ ಕುಡಿಯುತ್ತ ಪೂರ್ತಿ ಹೇಳಿದಳು. ಆಮೇಲೆ ನಾನೇ ಕೂತು ಓದಿದೆ.

ಆಕೆಯ ಹೆಸರು ಕಮಲಾ ಭಾಗವತ್. ಮದುವೆಯ ನಂತರ ಕಮಲಾ ಸೊಹೊನಿ. ಹುಟ್ಟಿದ್ದು ಇಂದೋರಿನಲ್ಲಿ. ಅಪ್ಪ ನಾರಾಯಣರಾವ್, ದೊಡ್ಡವರಾದ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರ ಓದಿದವರು. ಅದೂ ಇದೇ ಟಾಟಾ ಇನ್‌ಸ್ಟಿಟ್ಯೂಟಿನ ಮೊದಮೊದಲ ವಿದ್ಯಾರ್ಥಿಗಳು. ಅಂದರೆ ನಮ್ಮ ಹಾಗೆ "ಪಿಎಚ್‌.ಡಿ. ಅಂದ್ರೇನು" ಅಂತ ಕೇಳುವ ಮನೆಯಲ್ಲ. ಸಂಶೋಧನೆ ಅಂದರೇನು ಅಂತ ಗೊತ್ತಿದ್ದ ಮನೆ. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿಎಸ್ಸಿ ಮುಗಿಸಿ, ಒಳ್ಳೆಯ ಅಂಕಪಟ್ಟಿ ಹಿಡಿದು, ಅಪ್ಪ ಓದಿದ ಜಾಗಕ್ಕೇ ಅರ್ಜಿ ಹಾಕಿದರು. ಸಂಸ್ಥೆಯ ನಿರ್ದೇಶಕರಾಗಿ ಆಗಷ್ಟೇ ಬಂದಿದ್ದವರು ಸಿ.ವಿ. ರಾಮನ್. ನೊಬೆಲ್ ಬಂದು ಮೂರು ವರ್ಷವಾಗಿತ್ತು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರೇ. ಅರ್ಜಿ ತಿರಸ್ಕೃತ. ಕಾರಣ ಹೆಣ್ಣು ಅನ್ನುವುದು.

ಕಮಲಾ ಬೆಂಗಳೂರಿಗೇ ಬಂದರು. ಗಾಂಧೀಜಿಯ ದಾರಿ ಗೊತ್ತಿದ್ದ ಕಾಲ. ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ನಿಂತರು. ರಾಮನ್ ಕೊನೆಗೆ ಒಪ್ಪಿದರು, ಆದರೆ ಮೂರು ಷರತ್ತು ಹಾಕಿದರು. ಒಂದು, ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿ ಅಲ್ಲ, ಪ್ರೊಬೇಷನ್. ಕೆಲಸ ಹಿಡಿಸಿದರೆ ಮಾತ್ರ ಮುಂದೆ. ಎರಡು, ಗೈಡ್ ಹೇಳಿದರೆ ರಾತ್ರಿ ತಡವಾಗಿಯೂ ಕೆಲಸ ಮಾಡಬೇಕು. ಮೂರು, ಲ್ಯಾಬಿನಲ್ಲಿರುವ ಗಂಡಸರ ಗಮನ ಕೆಡಿಸಬಾರದು.

"ಒಂದು ವರ್ಷ ಪ್ರೊಬೇಷನ್ ಅಂತ" ಅಂದಳು ತಂಗಿ, ಚಹಾದ ಲೋಟ ತಿರುಗಿಸುತ್ತ. "ನಮ್ಮ ಕಂಪನೀಲಿ ಆರೇ ತಿಂಗಳು" ಅಂತ ನಾನು ನಕ್ಕೆ. ಆಕೆ ನಗಲಿಲ್ಲ. ನನಗೆ ಆಗಲೂ ಹೊಳೆಯಲಿಲ್ಲ.

ಕಮಲಾ ಸೇರಿದ್ದು ಜೀವರಸಾಯನ ವಿಭಾಗಕ್ಕೆ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಹುಟ್ಟಿದ ಸಂಸ್ಥೆಯಲ್ಲಿ ಈ ವಿಭಾಗ ಶುರುವಾಗಿದ್ದು 1921ರಲ್ಲಿ. ಅಲ್ಲಿ ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕೆಲಸ. ವರ್ಷ ತುಂಬಿದಾಗ ರಾಮನ್‌ಗೆ ಒಪ್ಪಿಗೆಯಾಯಿತು, ಪ್ರೊಬೇಷನ್ ಮುಗಿಯಿತು. ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆಗೆದರು. ಇದನ್ನೂ ಹೇಳಬೇಕು, ರಾಮನ್ ತಮ್ಮ ಮನಸ್ಸು ಬದಲಿಸಿಕೊಂಡರು. ಆದರೆ ಕಮಲಾ ಆ ವರ್ಷವನ್ನು ಮರೆಯಲಿಲ್ಲ. ದಶಕಗಳ ನಂತರವೂ ದೊಡ್ಡ ವಿಜ್ಞಾನಿಯ ಆ ಸಣ್ಣತನದ ಬಗ್ಗೆ ಎದ್ದು ನಿಂತು ಮಾತಾಡಿದ್ದಾರೆ. ಬಾಗಿಲು ತೆರೆದವರು ತೆರೆದೆವು ಅಂತ ನೆನಪಿಟ್ಟುಕೊಳ್ಳುತ್ತಾರೆ. ಒಳಗೆ ಹೋದವರಿಗೆ ಹೊರಗೆ ನಿಂತದ್ದೇ ನೆನಪಿರುತ್ತದೆ.

ಇಲ್ಲಿ ಇನ್ನೊಂದು ವಿಷಯ ನನಗೆ ಹೊಸದು. ಆಗ ಈ ಸಂಸ್ಥೆಯಲ್ಲಿ ಸಂಶೋಧನೆ ಮಾಡಬಹುದಿತ್ತು, ಆದರೆ ಸಂಸ್ಥೆಗೆ ವಿಶ್ವವಿದ್ಯಾಲಯದ ಪದವಿ ಕೊಡುವ ಅಧಿಕಾರ ಇರಲಿಲ್ಲ. ಡೀಮ್ಡ್ ವಿಶ್ವವಿದ್ಯಾಲಯ ಆಗಿದ್ದು 1958ರಲ್ಲಿ. ಅಲ್ಲಿಯವರೆಗೆ ಬೆಂಚು ಬೆಂಗಳೂರಿನದು, ಪದವಿ ಮುಂಬೈಯದೋ ಮದ್ರಾಸಿನದೋ. ಕಮಲಾಗೆ 1936ರಲ್ಲಿ ಎಂಎಸ್ಸಿ ಕೊಟ್ಟದ್ದು ಮುಂಬೈ ವಿಶ್ವವಿದ್ಯಾಲಯ. ಅದೇ ವ್ಯವಸ್ಥೆಯಲ್ಲಿ ಅನ್ನಾ ಮಣಿ ಸಿಕ್ಕಿಹಾಕಿಕೊಂಡರು. 1940ರಲ್ಲಿ ರಾಮನ್ ಲ್ಯಾಬಿಗೆ ಬಂದು, ಮಾಣಿಕ್ಯ, ವಜ್ರದ ಬೆಳಕಿನ ಮೇಲೆ ಐದು ಪ್ರಬಂಧ ಬರೆದು, 1945ರಲ್ಲಿ ಪಿಎಚ್‌.ಡಿ. ಥೀಸಿಸ್ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂಎಸ್ಸಿ ಇಲ್ಲ ಅಂತ ಪದವಿ ಕೊಡಲಿಲ್ಲ. ಕೆಲಸ ಪೂರ್ತಿ ಮಾಡಿ, ಕಾಗದ ಸಿಗದೇ ಹೋದವರು. ಆ ಥೀಸಿಸ್ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು, ಅವರು ಹವಾಮಾನ ಇಲಾಖೆಗೆ ಹೋಗಿ ದೇಶಕ್ಕೆ ಮಳೆ, ಬಿಸಿಲು ಅಳೆಯುವ ಉಪಕರಣ ಕಟ್ಟಿಕೊಟ್ಟರು.

ಕಮಲಾಗೆ ಮುಂದಿನ ದಾರಿ ಕೇಂಬ್ರಿಜ್. ಸ್ಕಾಲರ್‌ಶಿಪ್ ಗಳಿಸಿ ಹೋದರೆ ಅಲ್ಲಿಯ ಜೀವರಸಾಯನ ಲ್ಯಾಬಿನಲ್ಲಿ ಕೂರಲು ಜಾಗ ಇಲ್ಲ. ಮುಖ್ಯಸ್ಥರು ವಿಟಮಿನ್ ಸಂಶೋಧನೆಗೆ ನೊಬೆಲ್ ಪಡೆದ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್. ಅವರು ಬೇಡ ಅನ್ನಲಿಲ್ಲ, ಜಾಗ ಇಲ್ಲ ಅಂದರು, ಅಷ್ಟೇ. ಆಗ ಡೆರೆಕ್ ರಿಕ್ಟರ್ ಅನ್ನುವ ಸಂಶೋಧಕ ಹಗಲು ಹೊತ್ತು ತನ್ನ ಮೇಜು ಬಳಸಿಕೋ ಅಂತ ಬಿಟ್ಟುಕೊಟ್ಟ. ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಇವನು. ಷರತ್ತು ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಒಂದು ಮೇಜು ಬಿಟ್ಟುಕೊಟ್ಟ.

ಆಮೇಲೆ ರಾಬಿನ್ ಹಿಲ್ ಜೊತೆ ಕೆಲಸ. ಸಸ್ಯಗಳ ಉಸಿರಾಟ ವಿಷಯ. ಗಿಡ ಆದರೂ ಮನುಷ್ಯ ಆದರೂ ಪ್ರತಿ ಜೀವಕೋಶ ಆಹಾರವನ್ನು ನಿಧಾನಕ್ಕೆ ಸುಟ್ಟು ಶಕ್ತಿ ಮಾಡಿಕೊಳ್ಳುತ್ತದೆ. ಹೀಗೆ ಸುಡುವಾಗ ಎಲೆಕ್ಟ್ರಾನುಗಳನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಒಂದು ಸಣ್ಣ ಕೆಂಪು ಪ್ರೋಟೀನ್ ಇದೆ, ಸೈಟೋಕ್ರೋಮ್ ಸಿ. ಗಣೇಶನ ಹಬ್ಬದಲ್ಲಿ ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಾರಲ್ಲ, ಹಾಗೆ. ಕಮಲಾ ಆಲೂಗಡ್ಡೆಯಿಂದ ಶುರುಮಾಡಿ, ಸಸ್ಯಕೋಶಗಳ ಉಸಿರಾಟದಲ್ಲೂ ಇದು ಪಾಲುಗೊಳ್ಳುತ್ತದೆ ಅಂತ ತೋರಿಸಿದರು. ಥೀಸಿಸ್ ಇದ್ದದ್ದು 40 ಪುಟ. 1939ರಲ್ಲಿ ಕೇಂಬ್ರಿಜ್ ಪಿಎಚ್‌.ಡಿ. ಕೊಟ್ಟಿತು. ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಅಂತ ಅವರನ್ನು ಕರೆಯುತ್ತಾರೆ. ಅದಕ್ಕೂ ಮೊದಲೇ, 1931ರಲ್ಲಿ, ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಮೆರಿಕದ ಮಿಶಿಗನ್‌ನಲ್ಲಿ ಡಾಕ್ಟರೇಟ್ ಪಡೆದಿದ್ದರು. ಯಾರು ಮೊದಲು ಅನ್ನುವ ಜಗಳ ನನಗೆ ಬೇಡ.

ಕಮಲಾ ಅಲ್ಲೇ ಉಳಿಯಲಿಲ್ಲ, ವಾಪಸು ಬಂದರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಆಮೇಲೆ ಕೂನೂರಿನ ಪೌಷ್ಟಿಕಾಂಶ ಸಂಶೋಧನಾಲಯ. 1947ರಲ್ಲಿ ಮದುವೆಯಾಗಿ ಮುಂಬೈಗೆ ಹೋಗಿ ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ವಿದ್ಯಾರ್ಥಿಗಳನ್ನು ಬೆಳೆಸಿದರು. ಬಡವರ ಊಟವೇ ಅವರ ಪ್ರಯೋಗಶಾಲೆ. ನೀರಾದಲ್ಲಿ ಏನಿದೆ, ಕಾಳುಗಳಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಯಾವುದು, ಇಂಥ ಪ್ರಶ್ನೆಗಳು. ಹಸಿ ಕಾಳು ತಿಂದರೆ ಹೊಟ್ಟೆ ಕೆಡುತ್ತದೆ, ಬೇಯಿಸಿದರೆ ಇಲ್ಲ ಅಂತ ನಮ್ಮವ್ವನಿಗೆ ಗೊತ್ತು. ಕರುಳಿನ ಟ್ರಿಪ್ಸಿನ್ ಅನ್ನುವ ಕಿಣ್ವವನ್ನು ಕಟ್ಟಿಹಾಕುವ ಪ್ರೋಟೀನು ಕಾಳಿನಲ್ಲಿರುತ್ತದೆ, ಬಿಸಿಗೆ ಅದರ ಬಹುಪಾಲು ಕೆಲಸ ಕೆಡುತ್ತದೆ ಅನ್ನುವುದು ಇಂಥ ಲ್ಯಾಬುಗಳಿಂದ ಗೊತ್ತಾದದ್ದು. 1998ರಲ್ಲಿ ತೀರಿಕೊಂಡರು.

ಈ ಕಡೆ ಕರ್ನಾಟಕದಲ್ಲಿ ಮೇಜುಗಳು ಹೆಚ್ಚಾದವು. ಬೆಂಗಳೂರಿನ ಅದೇ ಜೀವರಸಾಯನ ವಿಭಾಗದ ವಿ. ಸುಬ್ರಹ್ಮಣ್ಯನ್ 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾಲಯದ, ಅಂದರೆ ಸಿಎಫ್‌ಟಿಆರ್‌ಐನ, ಮೊದಲ ನಿರ್ದೇಶಕರಾದರು. ಧಾರವಾಡ, ಮೈಸೂರು, ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳು ಬಂದವು. 1990ರ ದಶಕದಲ್ಲಿ ಒಬೈದ್ ಸಿದ್ದಿಕಿ ಹಣ್ಣಿನ ನೊಣಗಳ ಸಮೇತ ಮುಂಬೈಯಿಂದ ಬಂದು ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಕಟ್ಟಿದರು. ಒಂದು ಕಾಲಕ್ಕೆ ಕಮಲಾಗೆ ಪ್ರೊಬೇಷನ್ ಹಾಕಿಸಿಕೊಂಡ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗವೇ ಇವತ್ತು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಪೋಸ್ಟ್‌ಡಾಕ್ ಫೆಲೋಶಿಪ್ ಯೋಜನೆಯನ್ನು ಇಡೀ ದೇಶಕ್ಕೆ ನಡೆಸಿಕೊಡುತ್ತದೆ. ಅರ್ಜಿಯಲ್ಲಿ ಹೆಣ್ಣೋ ಗಂಡೋ ಅನ್ನುವುದು ಒಂದು ಕಾಲಂ ಅಷ್ಟೇ.

ಹಾಗಾದರೆ ಷರತ್ತು ಹೋಯಿತೇ? ಅಪ್ಪನ ಪ್ರಶ್ನೆ ಇಲ್ಲಿ ವಾಪಸು ಬರುತ್ತದೆ. ನೌಕರಿಯೋ, ಓದೋ?

ಜೆಆರ್‌ಎಫ್ ಎರಡು ವರ್ಷ, ಪರೀಕ್ಷಿಸಿ ಎಸ್‌ಆರ್‌ಎಫ್ ಮಾಡಿದರೆ ಇನ್ನೂ ಮೂರು ವರ್ಷ. ಮೊತ್ತ ಕೇಂದ್ರ ಸರ್ಕಾರದ್ದು. 2014ರಲ್ಲಿ ತಿಂಗಳಿಗೆ 16,000ದಿಂದ 25,000 ಆಯಿತು. 2019ರಲ್ಲಿ 31,000. 2023ರಲ್ಲಿ 37,000, ಎಸ್‌ಆರ್‌ಎಫ್‌ಗೆ 42,000. ಪೋಸ್ಟ್‌ಡಾಕ್ ಮಾಡುವ ರಿಸರ್ಚ್ ಅಸೋಸಿಯೇಟ್‌ಗೆ 58,000ದಿಂದ 67,000. ಮನೆ ಬಾಡಿಗೆ ಭತ್ಯೆ ಬೇರೆ. ಈ ವರ್ಷಗಳ ನಡುವಿನ ಅಂತರ ನೋಡಿ, ನಾಲ್ಕೈದು ವರ್ಷ. ನಮ್ಮ ಹಾಗೆ ಪ್ರತಿ ಏಪ್ರಿಲ್‌ಗೆ ಅಪ್ರೈಸಲ್ ಇಲ್ಲ. ಹೆಚ್ಚಿಸಿ ಅಂತ ಸಂಶೋಧಕರು ಪ್ಲಕಾರ್ಡ್ ಹಿಡಿದು ಬೀದಿಗಿಳಿದ ಮೇಲೆಯೇ ಏರಿಕೆ ಬಂದ ಉದಾಹರಣೆ ಉಂಟು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದೆ ಸೇರಿದವರಿಗೆ ಸಿಗುತ್ತಿದ್ದದ್ದು 8,000.

ಇಷ್ಟಾಗಿಯೂ ಅದು ಸಂಬಳ ಅಲ್ಲ, ಫೆಲೋಶಿಪ್. ಪಿಎಫ್ ಇಲ್ಲ, ಯಾಕೆಂದರೆ ನೀನು ವಿದ್ಯಾರ್ಥಿ. ಬೇಸಿಗೆ ರಜೆ ಇಲ್ಲ, ಯಾಕೆಂದರೆ ಕೆಲಸ ಇದೆ. ಸಾಲ ಕೇಳಿದರೆ ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೊಡು ಅನ್ನುತ್ತಾರೆ. ಎರಡೂ ಕಡೆಯ ಕಷ್ಟ ಉಂಟು, ಎರಡೂ ಕಡೆಯ ಸೌಲಭ್ಯ ಇಲ್ಲ. ರಾಮನ್ ಹಾಕಿದ ಎರಡನೇ ಷರತ್ತು ಈಗ ಯಾರೂ ಹಾಕಬೇಕಾಗಿಲ್ಲ. ತಂಗಿ ಬೆಳೆಸುವ ಜೀವಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಹೊಸ ಆಹಾರ ಹಾಕಲೇಬೇಕು. ಅವಕ್ಕೆ ಭಾನುವಾರ ಗೊತ್ತಿಲ್ಲ, ದೀಪಾವಳಿಯೂ ಗೊತ್ತಿಲ್ಲ. ಪ್ರಯೋಗ 18 ಗಂಟೆಯದಾದರೆ ಯಾರೋ ಒಬ್ಬರು ರಾತ್ರಿ ಎರಡಕ್ಕೆ ಎದ್ದು ಹೋಗಬೇಕು. ಸಾಫ್ಟ್‌ವೇರಿನಲ್ಲಿ ನಾವು ಅದಕ್ಕೆ ಆನ್‌ಕಾಲ್ ಅಂತ ಹೆಸರಿಟ್ಟು ಭತ್ಯೆ ತೆಗೆದುಕೊಳ್ಳುತ್ತೇವೆ.

ಸೇರಿದ ಮೊದಲ ಐದು ತಿಂಗಳು ಆಕೆಗೆ ಫೆಲೋಶಿಪ್ ಬರಲಿಲ್ಲ. ಯಾವುದೋ ಕಚೇರಿಯಲ್ಲಿ ಯಾವುದೋ ಫಾರ್ಮು ಕೂತಿತ್ತು. ಇದು ನನಗೆ ಗೊತ್ತಾಗಿದ್ದು ಎರಡು ವರ್ಷದ ನಂತರ, ಆಕೆಯ ಗೆಳತಿ ಮಾತಿನ ನಡುವೆ ಹೇಳಿದಾಗ. ಎಂಎಸ್ಸಿ ಹೊತ್ತಿನಲ್ಲಿ ಟ್ಯೂಷನ್ ಹೇಳಿ ಉಳಿಸಿದ್ದ ದುಡ್ಡಿನಲ್ಲಿ, ಸೀನಿಯರುಗಳ ಕೈಸಾಲದಲ್ಲಿ, ದಿನಕ್ಕೆ ಎರಡೇ ಊಟದಲ್ಲಿ ಕಳೆದಿದ್ದಳು. ನಾನು ಇದ್ದದ್ದು ಅದೇ ಊರಿನಲ್ಲಿ, ಆಕೆಯ ಹಾಸ್ಟೆಲಿನಿಂದ ಒಂದು ಗಂಟೆಯ ದೂರದಲ್ಲಿ.

"ಯಾಕ ಹೇಳಲಿಲ್ಲ?" ಅಂತ ಕೇಳಿದೆ. ಸಿಟ್ಟು ಬಂದಿತ್ತು.

"ಒಂದು ವರ್ಷ ನೋಡೋಣ ಅಂದಿದ್ಯಲ್ಲ ಅಣ್ಣಾ" ಅಂದಳು. "ರೊಕ್ಕ ಬಂದಿಲ್ಲ ಅಂದಿದ್ರ ಸರಿಬರಲಿಲ್ಲ ಅಂತ ಆಗತಿತ್ತು."

ಆಕೆ ಆರೋಪ ಮಾಡುವ ದನಿಯಲ್ಲಿ ಹೇಳಲಿಲ್ಲ. ಪ್ರಯೋಗದ ರಿಸಲ್ಟ್ ಹೇಳುವ ಹಾಗೆ ಹೇಳಿದಳು. ಮಲ್ಲೇಶ್ವರದ ಆ ಚಹಾದ ಅಂಗಡಿ ನನಗೆ ಆಗ ನೆನಪಾಯಿತು. ಆಕೆ ಅವತ್ತು ಕಮಲಾ ಕಥೆ ಹೇಳಿದ್ದು ಇತಿಹಾಸ ತಿಳಿಯಲಿ ಅಂತ ಅಲ್ಲ. ಆ ಐದು ತಿಂಗಳ ಒಳಗೇ ಇತ್ತು ಆ ಭಾನುವಾರ. ಚಹಾದ ದುಡ್ಡು ಕೊಡಲು ಆಕೆ ಪರ್ಸ್ ತೆಗೆದಿದ್ದಳು, ನಾನು ತಡೆದಿರಲಿಲ್ಲ.

ರಾಮನ್ ಮೇಲೆ ಸಿಟ್ಟಾಗುವುದು ಸುಲಭ. ಅವರ ಕಾಲ ಮುಗಿದಿದೆ, ಹೆಸರು ದೊಡ್ಡದು. ಆದರೆ ಷರತ್ತು ಹಾಕಲು ನಿರ್ದೇಶಕ ಆಗಬೇಕಿಲ್ಲ. ಬಿಇ ಮಾಡಿದ ಅಣ್ಣ ಸಾಕು. ಅದೂ ಪ್ರೀತಿಯಿಂದಲೇ ಹಾಕಿದ ಷರತ್ತು. ಇದೇ ಮನೆಯಲ್ಲಿ ನನ್ನ ಬಿಇಗೆ ಅಪ್ಪ ಹೊಲ ಅಡ ಇಟ್ಟಾಗ "ಒಂದು ಸೆಮಿಸ್ಟರ್ ನೋಡೋಣ" ಅಂತ ಯಾರೂ ಅಂದಿರಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ಸಬ್ಜೆಕ್ಟ್ ಹೋಗಿತ್ತು ಕೂಡ.

ತಂಗಿ ಈಗ ಎಸ್‌ಆರ್‌ಎಫ್. ಕೆಲಸ ಮಾಡುತ್ತಿರುವುದು ಜೀವಕೋಶ ಸಾಯುವ ಬಗೆಯ ಮೇಲೆ. ಕೆಟ್ಟುಹೋದ ಕೋಶ ದೇಹಕ್ಕೆ ಹೊರೆಯಾಗದಂತೆ ತಾನಾಗಿ ಕಳಚಿಕೊಳ್ಳುತ್ತದೆ. ಅದು ಶುರುವಾಗುವ ಸೂಚನೆಗಳಲ್ಲಿ ಒಂದು, ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದಿಂದ ಒಂದು ಪ್ರೋಟೀನು ಹೊರಗೆ ಸೋರುವುದು. 1996ರಲ್ಲಿ ಅಮೆರಿಕದಲ್ಲಿ ಷಿಯಾಡಾಂಗ್ ವಾಂಗ್ ಅವರ ತಂಡ ಇದನ್ನು ಕಂಡುಹಿಡಿದಾಗ ಎಲ್ಲರಿಗೂ ಆಶ್ಚರ್ಯ, ಏಕೆಂದರೆ ಅದು ಹಳೇ ಪರಿಚಯದ ಪ್ರೋಟೀನು. ಸೈಟೋಕ್ರೋಮ್ ಸಿ. ಉಸಿರಾಟ ನಡೆಸುವುದೇ ಸಾವಿನ ಸುದ್ದಿಯನ್ನೂ ಹೊರುತ್ತದೆ. ಕಮಲಾ ಆಲೂಗಡ್ಡೆಯಲ್ಲಿ ಹುಡುಕಿದ್ದನ್ನು ತಂಗಿ ಮನುಷ್ಯನ ಕೋಶಗಳಲ್ಲಿ ಹುಡುಕುತ್ತಾಳೆ. ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ಅದು ಹಸಿರು ಚುಕ್ಕೆಗಳಾಗಿ ಕಾಣುತ್ತದೆ. ಆಕೆ ಫೋಟೋ ಕಳಿಸಿದಾಗ ಅಪ್ಪ "ಮಿಂಚುಹುಳ ಇದ್ದಂಗ ಅದಾವ" ಅಂದರು.

ಕಳೆದ ದೀಪಾವಳಿಗೆ ಇಬ್ಬರೂ ಅತ್ತಿವೇರಿಗೆ ಹೋಗಿದ್ದೆವು. ಕೋಶಗಳನ್ನು ಲ್ಯಾಬಿನ ಜೂನಿಯರ್ ಹುಡುಗನಿಗೆ ವಹಿಸಿ ಬಂದಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಕಾಕಾ ಅಪ್ಪನನ್ನು ಕೇಳಿದರು, "ನಿನ್ನ ಮಗಳದು ಇನ್ನೂ ಓದು ಮುಗೀಲಿಲ್ಲೇನು? ನೌಕರಿ ಯಾವಾಗ?"

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು, "ನೀ ಹೊಲ ಮಾಡ್ತೀಯಲ್ಲ, ಅದು ನೌಕರಿಯೇನು? ಬಿತ್ತಿದ ದಿನಾನ ಪಗಾರ ಬರತೈತೇನು? ಆಕಿದೂ ಹಂಗ. ಬೆಳಿ ಬರೂತನಕ ಕಾಯಬೇಕು."

ಸಂಜೆ ಡ್ಯಾಮಿನ ಏರಿಯ ಮೇಲೆ ನಡೆಯುತ್ತಿದ್ದೆವು. ಹಕ್ಕಿಗಳು ಗೂಡಿಗೆ ಇಳಿಯುವ ಹೊತ್ತು. ತಂಗಿ ಒಂದಷ್ಟು ದೂರ ಸುಮ್ಮನೆ ಬಂದು, ಥೀಸಿಸ್ ಆದ ಮೇಲೆ ಪೋಸ್ಟ್‌ಡಾಕ್‌ಗೆ ಜರ್ಮನಿಯ ಒಂದು ಲ್ಯಾಬಿಗೆ ಬರೆದಿದ್ದೇನೆ, ಮೂರು ವರ್ಷದ್ದು ಅಂದಳು. "ನೋಡೋಣ" ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

"ಯಾವಾಗ ಹೋಗಬೇಕು?" ಅಂತ ಕೇಳಿದೆ.